ಹಿಂದಿನ ಸೀಟಿನ ಪಟ್ಟಿ

ನನ್ನದು ಅನುಮಾನದ ಕಸುಬು. ಮೂವತ್ತು ವರ್ಷ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸುತ್ತಿನ ಕುರಿಹಟ್ಟಿಗಳನ್ನು ಅಲೆದು ಉಣ್ಣೆ ಕೊಂಡು, ಕಂಬಳಿ ನೇಯುವವರಿಗೆ ಒದಗಿಸಿದವನು ನಾನು. ಉಣ್ಣೆಯ ಮೂಟೆಯಷ್ಟು ನಂಬಬಾರದ ವಸ್ತು ಇನ್ನೊಂದಿಲ್ಲ. ತೂಕ ಬರಲಿ ಎಂದು ಒಳಗೆ ಮರಳು ಸೇರಿಸುತ್ತಾರೆ, ಹಿಂದಿನ ದಿನ ನೀರು ಚಿಮುಕಿಸುತ್ತಾರೆ, ಬಾಯಿಯ ಹತ್ತಿರ ಒಳ್ಳೆ ಕರಿ ಉಣ್ಣೆ ಹಾಸಿ ತಳಕ್ಕೆ ಗಂಟುಗಂಟಾದದ್ದನ್ನು ತುರುಕುತ್ತಾರೆ. ಅದಕ್ಕೇ ನಾನು ಮೂಟೆಯ ಬಾಯಿ ನೋಡುತ್ತಿರಲಿಲ್ಲ. ಮೊಣಕೈವರೆಗೆ ಕೈ ತೂರಿಸಿ, ತಳದಿಂದ ಒಂದು ಹಿಡಿ ಎಳೆದು ಮೂಸುತ್ತಿದ್ದೆ. ಮಾರುವವನು ಹೆಚ್ಚು ನಕ್ಕಷ್ಟೂ ನನ್ನ ಕೈ ಹೆಚ್ಚು ಆಳಕ್ಕೆ ಹೋಗುತ್ತಿತ್ತು. ಈ ಚಾಳಿ ಮನೆಗೂ ಬಂದಿತ್ತು. ಹಾಲಿನವನು, ದರ್ಜಿ, ಬಸ್ಸಿನ ಕಂಡಕ್ಟರ್, ನನ್ನ ಕಣ್ಣಿಗೆ ಎಲ್ಲರೂ ಮರಳು ಬೆರೆಸುವವರೇ.

ಅಂಥವನಿಗೆ ಐವತ್ತೆರಡನೆಯ ವಯಸ್ಸಿನಲ್ಲಿ ಹಳೆಯ ಮೋಟಾರ್ ಸೈಕಲ್ ಕೊಳ್ಳುವ ಹುಚ್ಚು ಹಿಡಿಯಿತು. ಎಪ್ಪತ್ತರ ದಶಕ ಅರ್ಧ ಕಳೆದಿತ್ತು. ಪೆಟ್ರೋಲಿನ ಬೆಲೆ ಏರಿ, ದೊಡ್ಡ ಗಾಡಿ ಇಟ್ಟುಕೊಂಡಿದ್ದವರು ಒಬ್ಬೊಬ್ಬರಾಗಿ ಕೈತೊಳೆದುಕೊಳ್ಳಲು ನೋಡುತ್ತಿದ್ದರು. ನನಗೆ ಬೇಕಾಗಿದ್ದದ್ದೂ ಅಂಥದ್ದೇ. ಪೇಟೆಯೊಳಗೆ ಗಿರಕಿ ಹೊಡೆಯುವ ಸ್ಕೂಟರ್ ಬೇಡ. ಹೆದ್ದಾರಿಯಲ್ಲಿ ಲಾರಿಯನ್ನು ಹಿಂದೆ ಹಾಕುವ ವೇಗ ಇರಬೇಕು, ಬೆಳಗ್ಗೆ ಹೊರಟರೆ ದೂರದ ಹಟ್ಟಿಗಳನ್ನೆಲ್ಲ ಸುತ್ತಿ ಸಂಜೆಗೆ ಮನೆ ಸೇರಿಸುವ ತಾಳಿಕೆ ಇರಬೇಕು, ಎರಡೂ ಪಕ್ಕ ಚೀಲ ಕಟ್ಟಲು ಬರಬೇಕು, ಹಿಂದೆ ಒಬ್ಬರು ಆರಾಮವಾಗಿ ಕೂರುವಂತಿರಬೇಕು. ಈ ಕೊನೆಯದನ್ನು ನಾನು ಯಾರೆದುರೂ ಒತ್ತಿ ಹೇಳುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಮಿಕ್ಕದ್ದೆಲ್ಲ ನೆಪ, ಬೇಕಾಗಿದ್ದದ್ದು ಅದೊಂದೇ. ನನ್ನ ಹೆಂಡತಿ ಇನ್ನೊಮ್ಮೆ ನನ್ನ ಹಿಂದೆ ಕೂರಬೇಕಾಗಿತ್ತು.

ಇನ್ನೊಮ್ಮೆ ಎಂದೆನಲ್ಲ, ಆ ಮೊದಲಿನದನ್ನೂ ಹೇಳುತ್ತೇನೆ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ್ದ ಇಂಗ್ಲಿಷ್ ಗಾಡಿಯೊಂದು ಹಲವು ಕೈ ಬದಲಾಗಿ ನನ್ನ ಹತ್ತಿರ ಬಂದಿತ್ತು. ಮದುವೆಯಾದ ಹೊಸತರಲ್ಲಿ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹೊರಟರೆ ಜನ ಮನೆಯಿಂದ ಹೊರಗೆ ಬಂದು ನೋಡುತ್ತಿದ್ದರು. ಅವಳು ಹಿರೇಗುಂಟನೂರಿನ ಕುರಿ ಸಾಕುವ ಮನೆಯವಳು, ಅಂಜಿಕೆ ಕಡಿಮೆ. ಹಿಡಿದುಕೊಳ್ಳಲು ಇರಲಿ ಎಂದು ನಮ್ಮ ಚಿತ್ರದುರ್ಗದ ದೊಡ್ಡಪೇಟೆಯಲ್ಲಿ ಚರ್ಮದ ಪಟ್ಟಿಯೊಂದನ್ನು ಹೊಲಿಸಿ ಸೀಟಿಗೆ ಅಡ್ಡಲಾಗಿ ಬಿಗಿಸಿಕೊಟ್ಟಿದ್ದೆ. ಒಮ್ಮೆ ಬಬ್ಬೂರಿನಲ್ಲಿ ಮದುವೆ ಊಟ ಮುಗಿಸಿ ವಾಪಸು ಬರುವಾಗ ಐಮಂಗಲದ ಹತ್ತಿರದ ತಿರುವಿನಲ್ಲಿ ಬಿದ್ದೆವು. ನನಗೆ ಮಂಡಿ ತರಚಿತು, ಅಷ್ಟೆ. ಅವಳ ಎಡಗೈ ಮಣಿಕಟ್ಟು ಮುರಿದು, ಆಮೇಲೆ ಸೊಟ್ಟಗೇ ಕೂಡಿಕೊಂಡಿತು. ಬ್ರೇಕ್ ಹಿಡಿಯಲಿಲ್ಲ ಎಂದು ಎಲ್ಲರಿಗೂ ಹೇಳಿದೆ. ಅವಳಿಗೂ ಅದನ್ನೇ ಹೇಳಿದೆ. ವಾರ ಕಳೆಯುವುದರೊಳಗೆ ಗಾಡಿಯನ್ನು ಹಿರಿಯೂರಿನ ಒಬ್ಬನಿಗೆ ಮಾರಿಬಿಟ್ಟೆ.

ಕೊಂಡವನು ಮೂರನೆಯ ದಿನ ನಮ್ಮ ಮನೆ ಬಾಗಿಲಿಗೆ ಬಂದ. ‘ನೋಡಕ್ಕೆ ಬಂದಾಗ ಸೀಟಿನ ಮ್ಯಾಲೆ ಪಟ್ಟಿ ಇತ್ತು, ತಗಂಡು ಹೋದ ಮ್ಯಾಲೆ ನೋಡಿದ್ರೆ ಇಲ್ಲ. ಏನ್ರಿ ಇದು?’ ಎಂದ. ನನಗೆ ಪಿತ್ತ ನೆತ್ತಿಗೇರಿತು. ಮಾತಾಡಿ ಮುಗಿದ ವ್ಯಾಪಾರದಲ್ಲಿ ಒಂದಿಷ್ಟು ಹಿಂದಕ್ಕೆ ಕೀಳಲು ಹೂಡಿದ ಆಟ ಇದು, ನನಗೆ ಗೊತ್ತಿಲ್ಲದ್ದೇ? ಬೀದಿಗೆಲ್ಲ ಕೇಳುವ ಹಾಗೆ ಸುಳ್ಳುಗಾರ ಎಂದು ಬೈದು ಕಳಿಸಿದೆ. ಅವನು ಮೆಟ್ಟಿಲಿಳಿದು ಹೋಗುವಾಗ ತಲೆ ತಗ್ಗಿಸಿದ್ದ. ಹೆಂಡತಿ ಕೈಗೆ ಕಟ್ಟು ಕಟ್ಟಿಕೊಂಡು ಒಲೆಯ ಮುಂದೆ ಕೂತಿದ್ದವಳು ಒಂದು ಮಾತೂ ಆಡಲಿಲ್ಲ. ಗಾಡಿಯ ಹೆಸರೆತ್ತಿದರೇ ಅವಳಿಗೆ ಬೇಡವಾಗಿದೆ ಎಂದು ತಿಳಿದೆ. ಆಮೇಲೆ ಇಪ್ಪತ್ತು ವರ್ಷ ನಮ್ಮ ಮನೆಯಲ್ಲಿ ಆ ವಿಷಯ ಬರಲಿಲ್ಲ.

ಈಗ ಮತ್ತೆ ಗಾಡಿ ಕೊಳ್ಳುತ್ತೇನೆ ಎಂದಾಗ ಅವಳು ಅಕ್ಕಿ ಆರಿಸುತ್ತಿದ್ದಳು. ತಲೆಯೆತ್ತದೆ, ‘ತಗಳ್ರಿ. ಬಸ್ಸಿನ ಜಗಳದ ಸುದ್ದಿ ಕೇಳಿ ಕೇಳಿ ನನಗೂ ಸಾಕಾಗೈತೆ’ ಎಂದಳು. ನೀನು ಹಿಂದೆ ಕೂರುತ್ತೀಯಾ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಬಾಯಿಬಿಟ್ಟಾಗ ಮಾತ್ರ, ‘ಯಾವ ಬಣ್ಣ ಆದೀತು?’ ಎಂದು ಕೇಳಿದ್ದೆ. ‘ಬಣ್ಣ ಕಟ್ಕಂಡು ಏನ್ ಮಾಡ್ತೀರಿ, ಗುಣ ನೋಡ್ರಿ’ ಎಂದಳು. ಇಷ್ಟು ಸುಲಭವಾಗಿ ಒಪ್ಪಿದಳಲ್ಲ, ಏನೋ ಇರಬೇಕು ಎಂದು ಆ ಉತ್ತರದ ಮೇಲೂ ನನಗೆ ಅನುಮಾನ ಬಂತು.

ಮೊದಲು ನೋಡಿದ್ದು ಹಿರಿಯೂರಿನಲ್ಲಿ, ಹೆದ್ದಾರಿ ಪಕ್ಕದ ಒಂದು ಮೆಕ್ಯಾನಿಕ್ ಶೆಡ್ಡಿನಲ್ಲಿ. ಎರಡು ಸೈಲೆನ್ಸರಿನ ಕೆಂಪು ಗಾಡಿ, ಮದುಮಗನ ಹಾಗೆ ತಯಾರಾಗಿ ನಿಂತಿತ್ತು. ಬೆಳಗ್ಗೆ ಒಂಬತ್ತಕ್ಕೆ ಬರುತ್ತೇನೆಂದು ಹೇಳಿ ಎಂಟಕ್ಕೇ ಹೋದೆ. ಹೋದವನೇ ಮಾತಾಡದೆ ಇಂಜಿನ್ನಿನ ಮೇಲೆ ಅಂಗೈ ಇಟ್ಟೆ. ಬಿಸಿ! ತಣ್ಣಗಿದ್ದಾಗ ಹತ್ತದ ಗಾಡಿಯನ್ನು ಮೊದಲೇ ಓಡಿಸಿ ಕಾಯಿಸಿ ಇಟ್ಟಿದ್ದಾನೆ. ‘ಯಾಕೆ ಬಿಸಿ ಐತೆ?’ ಎಂದೆ. ‘ಈಗ ತಾನೇ ಟೀ ತರಕ್ಕೆ ಹೋಗಿದ್ದೆ, ಸಾರ್’ ಎಂದ ಮೆಕ್ಯಾನಿಕ್. ಟೀ ಅಂಗಡಿ ರಸ್ತೆಯ ಆಚೆಗಿತ್ತು. ನಾನು ಅಂಗಡಿಯನ್ನೊಮ್ಮೆ, ಅವನನ್ನೊಮ್ಮೆ ನೋಡಿದೆ. ಅವನು ಬಟ್ಟೆ ತೆಗೆದುಕೊಂಡು ಟ್ಯಾಂಕ್ ಒರೆಸತೊಡಗಿದ.

ಹೊಳಲ್ಕೆರೆಯಲ್ಲಿ ಕಂಟ್ರಾಕ್ಟರ್ ಒಬ್ಬರ ಗಾಡಿ. ಅವರು ನನಗೆ ಕಾಫಿ ಕೊಟ್ಟರು, ಉಪ್ಪಿಟ್ಟು ಕೊಟ್ಟರು, ಅಲ್ಲಿಗೇ ನನ್ನ ಕಿವಿ ನೆಟ್ಟಗಾಯಿತು. ಮೀಟರ್ ನೋಡಿದರೆ ಗಾಡಿ ಓಡಿದ್ದು ತೀರಾ ಕಡಿಮೆ. ಕಾಲಿಡುವ ರಬ್ಬರ್ ನೋಡಿದರೆ ಸವೆದು ಸವೆದು ಒಳಗಿನ ಕಬ್ಬಿಣ ಇಣುಕುತ್ತಿತ್ತು. ಬಗ್ಗಿ ನೋಡಿದೆ, ಮೀಟರಿನ ಕೇಬಲ್ಲನ್ನು ಬಿಚ್ಚಿ ಮತ್ತೆ ಸಿಕ್ಕಿಸಿದ ಗುರುತು ಇತ್ತು. ಚೈನಿನ ಚಕ್ರದ ಹಲ್ಲುಗಳು ಮುದಿ ಕುರಿಯ ಹಲ್ಲಿನ ಹಾಗೆ ಒಂದು ಕಡೆಗೆ ಬಾಗಿದ್ದವು. ‘ಎಷ್ಟು ಜೋಪಾನವಾಗಿ ಇಟ್ಟೀರಿ ಸ್ವಾಮಿ, ನಡೆಸೇ ಇಲ್ಲ ನೋಡ್ರಿ’ ಎಂದು ಕೈಮುಗಿದು ಎದ್ದು ಬಂದೆ. ಉಪ್ಪಿಟ್ಟು ಚೆನ್ನಾಗಿತ್ತು.

ಹೀಗೆ ನಾಲ್ಕು ತಿಂಗಳಲ್ಲಿ ಒಂಬತ್ತು ಗಾಡಿ ನೋಡಿದೆ. ಒಂದರ ಹಿಂದೆ ನಿಂತು ಒಕ್ಕಣ್ಣಲ್ಲಿ ನೋಡಿದರೆ ಎರಡು ಚಕ್ರ ಒಂದೇ ಸಾಲಿನಲ್ಲಿರಲಿಲ್ಲ. ಇನ್ನೊಂದರ ಮುಂಚಕ್ರದ ಫೋರ್ಕಿನಿಂದ ಎಣ್ಣೆ ಜಿನುಗುತ್ತಿತ್ತು. ಮತ್ತೊಂದರಲ್ಲಿ ಏನೂ ದೋಷ ಸಿಗಲಿಲ್ಲ. ದೋಷ ಸಿಗದ್ದಕ್ಕೇ ಅದನ್ನು ಬಿಟ್ಟುಬಂದೆ. ಆ ದಿನ ಹೆಂಡತಿ ತಟ್ಟೆ ಇಡುತ್ತ, ‘ನಮ್ಮಪ್ಪ ಒಂದು ಹಿಂಡು ಕುರಿ ಕೊಂಡಿದ್ದೂ ಇಷ್ಟು ದಿನ ಹಿಡೀಲಿಲ್ಲ. ನಿಮಗೆ ಗಾಡಿ ಬೇಕೋ, ಬ್ಯಾಡಾ ಅನ್ನಕ್ಕೆ ಒಂದು ಕಾರಣ ಬೇಕೋ?’ ಎಂದಳು. ನನಗೆ ಸಿಟ್ಟು ಬಂದು ಅರ್ಧ ಊಟಕ್ಕೇ ಎದ್ದೆ. ಸಿಟ್ಟು ಯಾಕೆ ಬಂತೆಂದು ನನಗೇ ಗೊತ್ತಿತ್ತು. ಗಾಡಿ ಮನೆಗೆ ಬಂದರೆ ಅವಳನ್ನು ಕೇಳಲೇಬೇಕಾಗುತ್ತದೆ. ಅವಳು ಒಲ್ಲೆ ಎಂದರೆ, ಆ ಒಲ್ಲೆ ಇಪ್ಪತ್ತು ವರ್ಷದಿಂದ ಅವಳ ಹೊಟ್ಟೆಯಲ್ಲಿತ್ತು ಎಂದಾಗುತ್ತದೆ.

ಹತ್ತನೆಯ ಗಾಡಿ ಹೊಸದುರ್ಗದಾಚೆ ಬಾಗೂರಿನಲ್ಲಿತ್ತು. ಅದರ ಧಣಿ ನನಗಿಂತ ಹತ್ತು ವರ್ಷ ಹಿರಿಯ, ಕುರಿಯೂ ಹೊಲವೂ ಇದ್ದ ಮನುಷ್ಯ. ದೂರದೂರದಲ್ಲಿ ಮೇಯುತ್ತಿದ್ದ ತನ್ನ ಹಿಂಡುಗಳನ್ನು ನೋಡಿ ಬರಲು ಗಾಡಿ ಇಟ್ಟುಕೊಂಡಿದ್ದ. ಈಗ ಕಣ್ಣಿಗೆ ಪೊರೆ ಬಂದಿತ್ತು. ಗಾಡಿ ಕುರಿದೊಡ್ಡಿಯ ಪಕ್ಕದ ಚಪ್ಪರದಡಿ ನಿಂತಿತ್ತು. ಮೈಸೂರಿನಲ್ಲಿ ತಯಾರಾದದ್ದು, ಅದಕ್ಕೂ ಎರಡು ಸೈಲೆನ್ಸರ್. ಮೈಮೇಲೆ ಧೂಳು, ಮಡ್ಗಾರ್ಡಿಗೆ ಅಂಟಿದ ಹಿಕ್ಕೆ. ಒರೆಸುವ ಮರ್ಯಾದೆಯನ್ನೂ ಮುದುಕ ತೋರಿಸಿರಲಿಲ್ಲ. ಇಂಜಿನ್ ಮುಟ್ಟಿ ನೋಡಿದೆ, ತಣ್ಣಗಿತ್ತು.

‘ಬರ್ರಿ, ಕುಂತ್ಕಳ್ರಿ. ಮೊದಲು ಇದರ ಕೆಟ್ಟ ಗುಣ ಹೇಳಿಬಿಡ್ತೀನಿ’ ಎಂದ ಮುದುಕ. ‘ಬೆಳಗ್ಗೆ ಒಂದು ಕಿಕ್ಕಿಗೆ ಹತ್ತಲ್ಲ, ಮೂರು ಬೇಕು. ಎಡಗಡೆ ಸೈಲೆನ್ಸರ್ ಒಂದ್ಸಲ ಕಲ್ಲಿಗೆ ಬಡಿದು ತಗ್ಗು ಬಿದ್ದೈತೆ. ಹಾರ್ನ್ ಮನಸ್ಸು ಬಂದ್ರೆ ಕೂಗುತ್ತೆ.’

ನನ್ನ ಮೈಯೆಲ್ಲ ಎಚ್ಚರಾಯಿತು. ಉಣ್ಣೆಯಲ್ಲಿ ಇಂಥವರನ್ನು ಕಂಡಿದ್ದೇನೆ. ಸಣ್ಣ ತಪ್ಪು ಮೂರನ್ನು ತಾವೇ ಎತ್ತಿ ಕೊಟ್ಟು ದೊಡ್ಡದನ್ನು ಅದರಡಿ ಮುಚ್ಚಿಡುತ್ತಾರೆ. ಒಂದು ಗಂಟೆ ಹೊತ್ತು ಗಾಡಿಯ ಸುತ್ತ ಕುಕ್ಕರಗಾಲಿನಲ್ಲಿ ತಿರುಗಿದೆ. ಚಕ್ರ ಎತ್ತಿ ತಿರುಗಿಸಿದೆ, ಚೈನ್ ಜಗ್ಗಿದೆ, ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ತುಕ್ಕು ಹುಡುಕಿದೆ. ಗಾಡಿಯ ಆರ್.ಸಿ. ಪುಸ್ತಕದಲ್ಲಿರುವ ನಂಬರನ್ನು ಇಂಜಿನ್ನಿನ ಮೇಲಿನ ನಂಬರಿಗೆ ಬೆರಳಿಟ್ಟು ಹೋಲಿಸಿದೆ. ಮುದುಕ ಕಲ್ಲಿನ ಮೇಲೆ ಕೂತು ಎಲೆಯಡಿಕೆ ಹಾಕಿಕೊಂಡು ನಿಶ್ಚಿಂತೆಯಿಂದ ನೋಡುತ್ತಿದ್ದ. ಆ ನಿಶ್ಚಿಂತೆಯೇ ನನಗೆ ಸಹಿಸಲಾಗಲಿಲ್ಲ.

ಓಡಿಸಿ ನೋಡುವಾಗ ಮಾನ ಹೋಯಿತು. ನನ್ನ ಹಳೆಯ ಇಂಗ್ಲಿಷ್ ಗಾಡಿಗೆ ಗೇರ್ ಬಲಗಾಲಿಗಿತ್ತು, ಬ್ರೇಕ್ ಎಡಗಾಲಿಗೆ. ಇದರಲ್ಲಿ ಎಲ್ಲ ತಿರುಗುಮುರುಗು. ಕಿಕ್ ಹೊಡೆಯುವ ಸಲಾಕೆಯೇ ಮಡಚಿದರೆ ಗೇರ್ ಆಗುತ್ತಿತ್ತು. ಹಟ್ಟಿಯ ಬಾಯಲ್ಲಿ ಬ್ರೇಕ್ ಎಂದು ಗೇರ್ ತುಳಿದು, ಗಾಡಿ ಮುಗ್ಗರಿಸಿ, ಕುರಿಗಳೆಲ್ಲ ಚೆಲ್ಲಾಪಿಲ್ಲಿಯಾದವು. ‘ಗಾಡಿ ಸರಿ ಐತೆ ಯಜಮಾನ್ರೆ, ಕಾಲು ಇನ್ನೂ ಹಳೇ ಗಾಡಿ ಮ್ಯಾಲೇ ಅವೆ’ ಎಂದು ಮುದುಕ ನಕ್ಕ. ಎರಡನೆಯ ಸುತ್ತಿಗೆ ಹೊಸದುರ್ಗದ ದಾರಿಯಲ್ಲಿ ಸ್ವಲ್ಪ ದೂರ ಹೋದೆ. ಮೂರನೆಯ ಗೇರಿಗೆ ಬಿದ್ದ ಮೇಲೆ ಗಾಳಿ ಕಿವಿಯಲ್ಲಿ ತುಂಬಿಕೊಂಡು, ಎದೆ ಹಗುರಾಗಿ, ನಾನು ಒಬ್ಬನೇ ಜೋರಾಗಿ ನಕ್ಕುಬಿಟ್ಟೆ. ಅಷ್ಟು ಸಂತೋಷವಾಗಿ ಎಷ್ಟೋ ವರ್ಷವಾಗಿತ್ತು. ತಿರುಗಿ ಬರುವಾಗ ಮುಖ ಗಂಟಿಕ್ಕಿಕೊಂಡೇ ಬಂದೆ, ಕೊಳ್ಳುವವನ ಮುಖದಲ್ಲಿ ಸಂತೋಷ ಕಾಣಬಾರದು.

ಮಾತು ಕುದುರಿತು. ಕಾಗದಕ್ಕೆ ಸಹಿ ಹಾಕಿಸಿ, ಒಳಗೆ ಹೋಗಿ ಮಜ್ಜಿಗೆ ಕುಡಿಯುತ್ತಿದ್ದೆ. ಬಾಗಿಲ ಸಂದಿಯಿಂದ ನೋಡುತ್ತೇನೆ, ಮುದುಕ ಗಾಡಿಯ ಹತ್ತಿರ ಒಬ್ಬನೇ ನಿಂತಿದ್ದಾನೆ. ಅತ್ತಿತ್ತ ನೋಡಿದ. ಹ್ಯಾಂಡಲಿನ ಮೇಲೆ ಬಗ್ಗಿ ಏನನ್ನೋ ಬಿಚ್ಚಿದ. ಬಿಚ್ಚಿದ್ದನ್ನು ಪಂಚೆಯ ಮಡಿಕೆಗೆ ಸಿಕ್ಕಿಸಿಕೊಂಡ. ಸಿಕ್ಕಿಬಿದ್ದೆಯಾ ಮುದುಕಪ್ಪ ಎಂದುಕೊಂಡೆ. ಆದರೆ ಕೂಗಲಿಲ್ಲ. ಕಂಡದ್ದನ್ನು ಕಂಡೆ ಎಂದು ತೋರಿಸಿಕೊಳ್ಳಬಾರದು, ಅದು ನಮ್ಮ ಕಸುಬಿನ ಪಾಠ. ದುಡ್ಡು ಆಗಲೇ ಅವನ ಮನೆಯೊಳಗೆ ಹೋಗಿತ್ತು. ಅವನು ಬೀಳ್ಕೊಡುವಾಗ ಟ್ಯಾಂಕನ್ನು ಎರಡು ಸಲ ತಟ್ಟಿ, ‘ಹುಷಾರಾಗಿ ಹೋಗ್ರಿ’ ಎಂದ. ನಾನು ಕಿಕ್ ಹೊಡೆದು ಹೊರಟೆ.

ಬಾಗೂರಿನಿಂದ ಚಿತ್ರದುರ್ಗದವರೆಗಿನ ಆ ಸವಾರಿಯನ್ನು ಹೇಗೆ ಹೇಳಲಿ! ಇಪ್ಪತ್ತು ವರ್ಷದ ಮೇಲೆ ಸಿಕ್ಕ ರಸ್ತೆ, ಮತ್ತು ಅದರ ಒಂದು ಮೈಲಿಯನ್ನೂ ನಾನು ಅನುಭವಿಸಲಿಲ್ಲ. ಏನು ಬಿಚ್ಚಿಕೊಂಡ? ಸ್ಕ್ರೂ? ಕ್ಲಚ್ಚಿನ ತಂತಿಯ ಬಿರಡೆ? ಹೊಸದುರ್ಗದಲ್ಲಿ ನಿಲ್ಲಿಸಿ ನೋಡಿದೆ. ಹ್ಯಾಂಡಲಿನ ನಡುವೆ, ದೀಪದ ಮೇಲ್ಗಡೆ, ಬೆರಳಗಲದ ಒಂದು ಜಾಗ ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. ಮಿಕ್ಕೆಲ್ಲ ಕಡೆ ಬಿಸಿಲಿಗೆ ಮಂಕಾಗಿತ್ತು. ಬಹಳ ವರ್ಷ ಅಲ್ಲಿ ಏನೋ ಸುತ್ತಿಕೊಂಡಿತ್ತು. ಹೊಳಲ್ಕೆರೆಯಲ್ಲಿ ಮತ್ತೆ ನಿಲ್ಲಿಸಿ ಎಲ್ಲ ಬಿರಡೆ ತಿರುಗಿಸಿದೆ, ಎಲ್ಲ ಭದ್ರವಾಗಿದ್ದವು. ಮುರಿದ ಹ್ಯಾಂಡಲನ್ನು ಬೆಸೆದು ಅದರ ಮೇಲೆ ಏನೋ ಸುತ್ತಿದ್ದಿರಬೇಕು ಎಂದುಕೊಂಡು ಉಗುರಲ್ಲಿ ಕೆರೆದು ಬೆಸುಗೆ ಹುಡುಕಿದೆ. ಬೆಸುಗೆ ಇರಲಿಲ್ಲ. ಇಲ್ಲದ್ದು ನನ್ನನ್ನು ಇನ್ನೂ ಕಂಗೆಡಿಸಿತು. ಹ್ಯಾಂಡಲ್ ಈಗ ಕೈಗೆ ಬರುತ್ತದೆ, ಆಗ ಬರುತ್ತದೆ ಎಂದು ಎತ್ತಿನ ಗಾಡಿಯ ವೇಗದಲ್ಲಿ ಊರು ಸೇರಿದೆ.

ಹೆಂಡತಿ ಬಾಗಿಲಲ್ಲೇ ಇದ್ದಳು. ಗಾಡಿಯ ಸುತ್ತ ಒಂದು ಸುತ್ತು ಬಂದು, ಮಡ್ಗಾರ್ಡಿನ ಹಿಕ್ಕೆ ನೋಡಿ ನಕ್ಕಳು. ನಾನು ಇಳಿಯುವ ಮೊದಲೇ ಮುದುಕನ ಕಳ್ಳತನವನ್ನು ಒದರಿಬಿಟ್ಟೆ. ನಾಳೆ ಬೆಳಗ್ಗೆ ಹೋಗಿ ಅವನ ಪಂಚೆ ಹಿಡಿದು ಕೇಳುತ್ತೇನೆ ಎಂದೆ. ಅವಳು ಆ ಹೊಳೆಯುವ ಜಾಗದ ಮೇಲೆ ಬೆರಳಾಡಿಸಿದಳು. ಅಲ್ಲಿ ಒಂದು ಕಡೆ ಕರಿಯ ಎಳೆಯೊಂದು ಸಿಕ್ಕಿಕೊಂಡಿತ್ತು. ಬಿಡಿಸಿ ನನ್ನ ಅಂಗೈಯಲ್ಲಿಟ್ಟಳು. ಮೂವತ್ತು ವರ್ಷ ಮೂಸಿದ ವಸ್ತು, ನನಗೆ ಹೇಳಿಕೊಡಬೇಕಾಗಿರಲಿಲ್ಲ. ಅದು ಕರಿ ಉಣ್ಣೆಯ ಎಳೆ.

‘ಅಯ್ಯೋ, ನೀವು ಉಣ್ಣೆ ಕೊಳ್ಳೋರು, ಕುರಿ ಮಾರಿದೋರಲ್ಲ’ ಎಂದಳು. ‘ಕುರಿ ಮಾರಿದಾಗ ಅದು ದೊಡ್ಡಿ ದಾಟೋಕೆ ಮೊದಲು ಮೈ ಮ್ಯಾಲಿಂದ ಒಂದು ಎಳೆ ಉಣ್ಣೆ ಕಿತ್ತು ಇಟ್ಕಂತೀವಿ. ಕುರಿ ಹೋಗ್ಲಿ, ಅದರ ಒಳ್ಳೇದು ಮನೇಲಿ ಉಳೀಲಿ ಅಂತ. ಕೊಂಡೋರ ಎದುರಿಗೆ ಕೀಳಬಾರದು, ಅವರ ಮನಸ್ಸಿಗೆ ಬ್ಯಾಸರ ಆಗುತ್ತೆ. ಪಾಪ, ಗಾಡಿ ಮೈಮ್ಯಾಲೆ ಉಣ್ಣೆ ಎಲ್ಲಿ ಬರಬೇಕು? ಅವರೇ ಕಟ್ಟಿದ್ದ ಉಣ್ಣೆ ದಾರಾನ ಅವರೇ ಬಿಚ್ಕಂಡವ್ರೆ. ಬ್ಯಾಡಾದ ಗಾಡಿಗೆ ಯಾರೂ ಹಂಗೆ ಮಾಡಲ್ಲ.’

ನನಗೆ ನಾಚಿಕೆಯಾಯಿತು. ಹಟ್ಟಿ ಹಟ್ಟಿ ತಿರುಗಿದವನು ನಾನು, ಆದರೆ ಕುರಿ ಮಾರುವ ಹೊತ್ತಿಗೆ ಯಾವತ್ತೂ ಅಲ್ಲಿ ನಿಂತಿರಲಿಲ್ಲ. ನನಗೆ ಬೇಕಾಗಿದ್ದದ್ದು ಕತ್ತರಿಸಿ ಮೂಟೆ ಕಟ್ಟಿದ್ದು ಮಾತ್ರ. ಗಾಡಿಯಿಂದಿಳಿದು ಜಗುಲಿಯ ಮೇಲೆ ಕೂತೆ.

ಅವಳು ಒಳಗೆ ಹೋದಳು. ಟ್ರಂಕಿನ ಮುಚ್ಚಳ ತೆಗೆದ ಸದ್ದು ಕೇಳಿತು. ಹಿಂದಿರುಗಿ ಬಂದಾಗ ಅವಳ ಕೈಯಲ್ಲಿ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಏನೋ ಇತ್ತು. ಬಿಚ್ಚಿದಳು. ದೊಡ್ಡಪೇಟೆಯಲ್ಲಿ ನಾನು ಹೊಲಿಸಿದ್ದ ಪಟ್ಟಿ. ಒಣಗಿ ಬಿರಿಯಬಾರದೆಂದು ವರ್ಷ ವರ್ಷ ಎಣ್ಣೆ ಸವರಿದ್ದಿರಬೇಕು, ಚರ್ಮ ಮೆತ್ತಗಿತ್ತು.

ಪಟ್ಟಿಯನ್ನು ಕೈಗೆತ್ತಿಕೊಂಡೆ. ಹಿರಿಯೂರಿನ ಆ ಮನುಷ್ಯ ತಲೆ ತಗ್ಗಿಸಿ ಮೆಟ್ಟಿಲಿಳಿದದ್ದು ಕಣ್ಣ ಮುಂದೆ ಬಂತು. ‘ಗಾಡಿ ಕಂಡ್ರೆ ನಿನಗೆ ಆಗಲ್ಲ ಅಂತ ಮಾರಿದ್ದೆ’ ಎಂದೆ.

‘ನೀವು ಮಾರಿದ್ರಿ. ನನ್ನನ್ನ ಕೇಳಿದ್ರಾ?’ ಎಂದಳು. ದನಿಯಲ್ಲಿ ಸಿಟ್ಟಿತ್ತು. ಇಪ್ಪತ್ತು ವರ್ಷ ನಾನು ಹೆದರಿದ್ದ ಸಿಟ್ಟು ಅದೇ. ಕೈ ಮುರಿದದ್ದಕ್ಕಲ್ಲ, ಕೇಳದೆ ಮಾರಿದ್ದಕ್ಕೆ ಎಂದು ಗೊತ್ತಾದದ್ದು ಮಾತ್ರ ಈಗ. ‘ಆವತ್ತು ಹಿರಿಯೂರಿನೋನು ಬಂದು ಕೇಳಿದಾಗ ಹೇಳಬೇಕಿತ್ತು. ಹೇಳಿದ್ರೆ ಪಟ್ಟೀನೂ ಕೊಟ್ಟುಬಿಡ್ತಿದ್ರಿ. ಸುಮ್ಮನಿದ್ದೆ. ಅದು ನನ್ನ ತಪ್ಪು.’

ಮರುದಿನ ಬೆಳಗ್ಗೆ ಮೂರನೆಯ ಕಿಕ್ಕಿಗೆ ಗಾಡಿ ಹತ್ತಿತು, ಮುದುಕ ಹೇಳಿದಷ್ಟಕ್ಕೇ. ಹೆಂಡತಿ ಆ ಸೊಟ್ಟ ಕೈಯಲ್ಲೇ ಪಟ್ಟಿಯನ್ನು ಸೀಟಿಗೆ ಬಿಗಿದಳು. ಸಹಾಯಕ್ಕೆ ಹೋದರೆ ಕೈ ತಳ್ಳಿದಳು. ‘ಹಿರಿಯೂರಿಗೆ ಹೋಗಾಣ. ಆ ಮನುಷ್ಯ ಇದ್ರೆ ಒಂದು ಮಾತು ಹೇಳಿ ಬರಾಣ, ಸುಮ್ಮಸುಮ್ಮನೆ ಸುಳ್ಳುಗಾರ ಅನ್ನಿಸ್ಕಂಡು ಹೋದ’ ಎಂದವಳೇ ಸೆರಗು ಸಿಕ್ಕಿಸಿ ಹತ್ತಿ ಕೂತಳು. ಕೂರುತ್ತೀಯಾ ಎಂದು ಕೇಳುವ ಕೆಲಸವೇ ನನಗೆ ಬೀಳಲಿಲ್ಲ.

ಹೆದ್ದಾರಿಯಲ್ಲಿ ಬಿಸಿಲು ಇನ್ನೂ ಎಳೆಯದಾಗಿತ್ತು. ಅವಳು ಅದೂ ಇದೂ ಮಾತಾಡುತ್ತಿದ್ದಳು, ಅರ್ಧ ಗಾಳಿಗೆ ಹೋಗುತ್ತಿತ್ತು. ಐಮಂಗಲ ಹತ್ತಿರವಾಯಿತು. ಆ ತಿರುವು ಕಂಡಿತು. ಕೈ ತಾನಾಗಿ ಸಡಿಲವಾಗಿ, ಗಾಡಿ ನಿಧಾನವಾಗಿ, ಕೊನೆಗೆ ರಸ್ತೆಯಂಚಿನ ಹುಣಸೆಮರದಡಿ ನಿಂತೇಬಿಟ್ಟಿತು.

‘ಯಾಕ್ರಿ ನಿಲ್ಲಿಸಿದ್ರಿ? ಗಾಡಿಗೆ ಏನಾತು?’ ಎಂದಳು ಹಿಂದಿನಿಂದ.

ಹತ್ತು ಗಾಡಿಗಳ ಹೊಟ್ಟೆಯೊಳಗೆ ಕೈಹಾಕಿ ದೋಷ ಹುಡುಕಿದವನು ನಾನು. ತಿರುಗಿ ನೋಡುವ ಧೈರ್ಯ ಬರಲಿಲ್ಲ. ಹ್ಯಾಂಡಲಿನ ಮೇಲಿನ ಆ ಬೆಳ್ಳನೆಯ ಜಾಗವನ್ನೇ ನೋಡುತ್ತ, ‘ಗಾಡಿಗೆ ಏನೂ ಆಗಿಲ್ಲ’ ಎಂದೆ. ‘ಆವತ್ತೂ ಏನೂ ಆಗಿರಲಿಲ್ಲ. ಬ್ರೇಕ್ ಸರಿಯಾಗೇ ಇತ್ತು. ನಿನ್ನ ಮುಂದೆ ಜೋರು ತೋರಿಸಕ್ಕೆ ಹೋಗಿದ್ದೆ.’

ಹಿಂದೆ ಪಟ್ಟಿಯ ಚರ್ಮ ಒಮ್ಮೆ ಕಿರುಗುಟ್ಟಿತು. ಅವಳು ಸರಿಯಾಗಿ ಕೂತುಕೊಳ್ಳುತ್ತಿದ್ದಳು.

‘ಗೊತ್ತು’ ಎಂದಳು. ‘ಹಿಂದೆ ಕುಂತಿದ್ದೋಳು ನಾನೇ ಅಲ್ವಾ? ನಡೀರಿ ಹೋಗಾಣ, ಬಿಸಿಲೇರುತ್ತೆ.’